ರಾತ್ರಿ ಹನ್ನೆರಡೂವರೆಯ ಪ್ಲೇಟ್

ಕೇಳುಗರಿಗೆ ನಮಸ್ಕಾರ. ರಕ್ತಕ್ಕೆ ಸೋಂಕು ಏರಿ ಐಸಿಯುಗೆ ಬಂದೋರಿಗೆ ಡಾಕ್ಟ್ರು ಮೊದಲ ಆಂಟಿಬಯೋಟಿಕ್ ಕೊಡೋದು ಅಂದಾಜಿನ ಮೇಲೆ, ಕಾಯ್ತಾ ಕೂತ್ರೆ ಜೀವ ಹೋಗುತ್ತೆ, ಅದಕ್ಕೇ. ಆ ಅಂದಾಜು ಸರಿನಾ ಅಂತ ಹೇಳ್ಬೇಕಾದವ್ರು ಲ್ಯಾಬಿನಲ್ಲಿರೋ ನಾವು, ನಮ್ಮ ಉತ್ತರ ತುಂಬಾ ಲೇಟು.

ಯಾಕೆ ಅಂದ್ರೆ, ರೋಗಿಯ ರಕ್ತ ಹಾಕಿಟ್ಟ ಬ್ಲಡ್ ಕಲ್ಚರ್ ಬಾಟಲ್ ಪಾಸಿಟಿವ್ ಬಂದ್ಮೇಲೆ, ಅಂದ್ರೆ ಅದ್ರಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆ ಅಂತ ಗೊತ್ತಾದ್ಮೇಲೆ, ಅದನ್ನ ಅಗಾರ್ ಅನ್ನೋ ಜೆಲ್ಲಿ ತುಂಬಿದ ಪ್ಲೇಟಿಗೆ ಹಾಕ್ತೀವಿ, ಮಾರನೇ ದಿನ ಕಾಲೊನಿ, ಅಂದ್ರೆ ಕಣ್ಣಿಗೆ ಕಾಣೋ ಬ್ಯಾಕ್ಟೀರಿಯಾ ಗುಂಪು ಬರುತ್ತೆ, ಅದನ್ನ ತಗೊಂಡು ಇನ್ನೊಂದು ಪ್ಲೇಟಿಗೆ ಹಚ್ಚಿ ಔಷಧಿಯ ಸಣ್ಣ ಸಣ್ಣ ಪೇಪರ್ ಡಿಸ್ಕ್ ಇಟ್ಟು ಮತ್ತೆ 16ರಿಂದ 18 ಗಂಟೆ ಇನ್‌ಕ್ಯುಬೇಟರ್‌ನಲ್ಲಿ ಬಿಡ್ಬೇಕು, ಅಷ್ಟೊತ್ತಿಗೆ ಎರಡು ದಿನ ಕಳೆದಿರುತ್ತೆ.

ಆಂಟಿಬಯೋಟಿಕ್ ಪರೀಕ್ಷೆಗೆ ನಿಯಮ ಮಾಡೋ ಯೂರೋಪಿನ ಯೂಕಾಸ್ಟ್ ಸಮಿತಿ 2018ರಲ್ಲಿ ಒಂದು ದಾರಿ ತೋರಿಸ್ತು. ಕಾಲೊನಿಗೆ ಕಾಯೋದೇ ಬೇಡ, ಬಾಟಲಿಂದಲೇ ನೇರವಾಗಿ 125 ಮೈಕ್ರೋಲೀಟರ್ ತಗೊಂಡು ಪ್ಲೇಟ್ ತುಂಬಾ ಹರಡಿ, ಅದೇ ಡಿಸ್ಕ್ ಇಟ್ಟು, 4, 6, 8 ಗಂಟೆಗೆ ನೋಡೋದು. ನಾಲ್ಕು ಗಂಟೆ ಕಳೆದಾಗ ಬ್ಯಾಕ್ಟೀರಿಯಾ ಬೆಳವಣಿಗೆ ಇನ್ನೂ ತೆಳು ಮಂಜಿನ ಹಾಗಿರುತ್ತೆ, ಮುಚ್ಚಳ ತೆಗೆದು ಕಪ್ಪು ಹಿನ್ನೆಲೆ ಮೇಲೆ ಹಿಡಿದ್ರೆ ಔಷಧಿ ಬ್ಯಾಕ್ಟೀರಿಯಾನ ತಡೆದ ಕಡೆ ಡಿಸ್ಕ್ ಸುತ್ತ ಖಾಲಿ ಉಂಗುರ ಕಾಣುತ್ತೆ, ಅದನ್ನ ಅಳೆದು ಹತ್ತು ನಿಮಿಷದೊಳಗೆ ವಾಪಸ್ ಇನ್‌ಕ್ಯುಬೇಟರಿಗೆ ಇಡ್ಬೇಕು. ಅಂಚು ಮಸುಕಾಗಿದ್ರೆ ಓದಬಾರದು, ಮುಂದಿನ ಹೊತ್ತಿಗೆ ಬಿಡೋದು. ಯಾವ ಬ್ಯಾಕ್ಟೀರಿಯಾ ಅಂತಲೂ ಗೊತ್ತಿರ್ಬೇಕು, ಉಂಗುರ ಎಷ್ಟು ಅಗಲ ಇದ್ರೆ ಔಷಧಿ ಕೆಲಸ ಮಾಡುತ್ತೆ ಅನ್ನೋ ಅಳತೆ ಒಂದೊಂದು ಬ್ಯಾಕ್ಟೀರಿಯಾಕ್ಕೂ, ಓದೋ ಒಂದೊಂದು ಹೊತ್ತಿಗೂ ಬೇರೆ. ಇಲ್ಲೇ ತುಂಬಾ ಲ್ಯಾಬ್‌ಗಳು ಸಿಕ್ಕಿಹಾಕ್ಕೊಳ್ಳೋದು.

ಮೂತ್ರದ ಸೋಂಕಿಗಂತೂ ಸ್ವೀಡನ್ನಿನ ಉಪ್ಸಾಲಾದಲ್ಲಿ ಹುಟ್ಟಿದ ಮಷೀನು ಮುಕ್ಕಾಲು ಗಂಟೆಯೊಳಗೆ ಉತ್ತರ ಕೊಡುತ್ತೆ, ಕೂದಲಿಗಿಂತ ಸಣ್ಣ ಕಾಲುವೆಗಳಲ್ಲಿ ಬ್ಯಾಕ್ಟೀರಿಯಾ ಹಿಡಿದು, ಔಷಧಿ ಬಿಟ್ಟು, ಬೆಳೀತಾ ಇದಾವೋ ನಿಂತ್ವೋ ಅಂತ ಕ್ಯಾಮೆರಾದಲ್ಲಿ ನೋಡುತ್ತೆ. 2024ರಲ್ಲಿ ಅದಕ್ಕೆ ಲಾಂಜಿಟ್ಯೂಡ್ ಪ್ರೈಜ್ ಅನ್ನೋ ಬ್ರಿಟನ್ನಿನ ಬಹುಮಾನ ಬಂತು, 80 ಲಕ್ಷ ಪೌಂಡ್. ಖುಷಿಯ ವಿಷಯಾನೇ.

ಆದ್ರೆ ನನ್ನ ಮನಸ್ಸು ಇರೋದು ಆ ಹಳೇ ಪ್ಲೇಟ್ ಮೇಲೇ, ಡಿಸ್ಕ್ ಇದೆ, ಅಗಾರ್ ಇದೆ, ಸ್ಕೇಲ್ ಇದೆ. ಸಂಜೆ ನಾಲ್ಕೂವರೆಗೆ ಹಾಕಿದ ಪ್ಲೇಟ್ ರಾತ್ರಿ ಎಂಟೂವರೆಗೆ, ಹತ್ತೂವರೆಗೆ, ಹನ್ನೆರಡೂವರೆಗೆ ಓದ್ಬೇಕು, ಐದು ಗಂಟೆಗೆ ಬೀಗ ಬೀಳೋ ಲ್ಯಾಬಿನಲ್ಲಿ ಅದನ್ನ ಯಾರು ನೋಡ್ತಾರೆ? ನೈಟ್ ಡ್ಯೂಟಿಗೆ ಟ್ರೇನಿಂಗ್ ಆದ ಒಬ್ಬ ಟೆಕ್ನಿಷಿಯನ್ ಕೊಡಿ, ಆಸ್ಪತ್ರೆ ನಡೆಸೋರನ್ನ ನಾನು ಕೇಳೋದು ಇಷ್ಟೇ. ಉಂಗುರ ಅಳೆದ ಕೂಡಲೇ ಐಸಿಯುಗೆ ಫೋನ್ ಮಾಡಿ, "ಸರ್, ಈಗ ಕೊಡ್ತಿರೋ ಇಂಜೆಕ್ಷನ್ ಕೆಲಸ ಮಾಡ್ತಿಲ್ಲ, ಇದನ್ನ ಹಾಕಿ" ಅಂತ ಆ ರಾತ್ರಿನೇ ಹೇಳ್ಬಹುದು.