ಸವೆದ ಮೊಣಕಾಲಿಗೆ ನಡಿಗೆಯೇ ಊಟ

ಕೇಳುಗರಿಗೆ ನಮಸ್ಕಾರ.

ಗಂಗಾವತಿ, ಕಾರಟಗಿ ಕಡೆಯ ಗದ್ದೆಗಳಲ್ಲಿ ಭತ್ತದ ನಾಟಿ ಮುಗಿಯುತ್ತಿದ್ದಂತೆ ನನ್ನ ಬಳಿ ಬರುವ ತಾಯಂದಿರದು ಒಂದೇ ಮಾತು: ‘ಡಾಕ್ಟರೇ, ಮೊಣಕಾಲು ಸವೆದಿದೆ, ಇನ್ನು ನಡೆಯಬಾರದಂತೆ.’ ಸವೆದಿರುವುದು ನಿಜ. ನಡೆಯಬಾರದು ಎಂಬುದು ಯಾರೋ ಕಟ್ಟೆಯ ಮೇಲೆ ಕೂತು ಹೇಳಿದ್ದು.

ಕೀಲಿನೊಳಗೆ ಎಲುಬಿನ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇದೆ. ಅದು ತೆಳುವಾಗಿ, ಒರಟಾಗಿ, ಎಲುಬಿನ ಅಂಚು ಮುಳ್ಳಿನಂತೆ ಬೆಳೆದರೆ ಅದೇ ಆಸ್ಟಿಯೋ ಆರ್ಥ್ರೈಟಿಸ್. ಆ ಹೊದಿಕೆಗೆ ರಕ್ತನಾಳಗಳಿಲ್ಲ. ಕಾಲೂರಿದಾಗ ಅದುಮಿಕೊಂಡು, ಎತ್ತಿದಾಗ ಹಿಗ್ಗಿ, ಕೀಲಿನ ದ್ರವದಿಂದಲೇ ಅದು ಪೋಷಣೆ ಹೀರುತ್ತದೆ. ನೀವು ಮಂಚ ಹಿಡಿದರೆ ಅದಕ್ಕೆ ಉಪವಾಸ. ತೊಡೆಯ ಸ್ನಾಯುವೂ ಸೊರಗುತ್ತದೆ.

ವಯಸ್ಸು, ಮೈತೂಕ, ಹಳೆಯ ಪೆಟ್ಟು, ಮನೆತನ ಎಲ್ಲವೂ ಕಾರಣಗಳೇ. ಮುಟ್ಟು ನಿಂತ ಹೆಂಗಸರಲ್ಲಿ ಇದು ಹೆಚ್ಚು. ವರ್ಷಗಟ್ಟಲೆ ಕುಕ್ಕರಗಾಲಲ್ಲಿ ಕೂತು ಮಾಡುವ ಕೆಲಸವೂ ಸೇರುತ್ತದೆ. ರೊಟ್ಟಿ ಬಡಿಯುವುದನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ಕೇಳುವವರಿಲ್ಲ. ಒಲೆಯನ್ನು ಕಟ್ಟೆಯ ಮೇಲಿಟ್ಟು ನಿಂತು ಬಡಿಯಿರಿ.

ಬೆಳಿಗ್ಗೆಯ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾದರೆ ಸಾಮಾನ್ಯವಾಗಿ ಇದೇ ಕಾಯಿಲೆ. ಅದಕ್ಕಿಂತ ಹೆಚ್ಚು ಹೊತ್ತು ಬಿಗಿದು, ಕೈಬೆರಳ ಗೆಣ್ಣುಗಳೂ ಊದಿಕೊಂಡರೆ ಅದು ಬೇರೆಯ ಸಂಧಿವಾತವಿರಬಹುದು. ನಮ್ಮ ಭಾಗದಲ್ಲಿ ಇನ್ನೊಂದು ಅನುಮಾನವನ್ನೂ ಇಟ್ಟುಕೊಳ್ಳಬೇಕು. ಹರೆಯದಲ್ಲೇ ಬೆನ್ನು, ಕುತ್ತಿಗೆ ಬಿಗಿದು ಬಗ್ಗಲಾಗದಿದ್ದರೆ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿ. ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಹೆಚ್ಚಿದ್ದರೆ ವರ್ಷಗಳಲ್ಲಿ ಎಲುಬು, ಕೀಲುಗಳೇ ಬಿಗಿಯುತ್ತವೆ; ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು.

ಇನ್ನು ಮದ್ದಿನ ಮಾತು. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ಐದು ಎಣಿಸಿ ಇಳಿಸಿ. ಹತ್ತು ಸಲ, ದಿನಕ್ಕೆ ಎರಡು ಹೊತ್ತು, ಎರಡೂ ಕಾಲಿಗೆ. ಮೈತೂಕದಲ್ಲಿ ಒಂದು ಕಿಲೋ ಇಳಿದರೆ ಹೆಜ್ಜೆಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಕೋಲು ಹಿಡಿಯುವುದಾದರೆ ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಿರಿ. ಬಹಳ ಮಂದಿ ತಪ್ಪುವುದು ಇಲ್ಲೇ. ನೋವಿಗೆ ಮೊದಲು ಹಚ್ಚುವ ಮುಲಾಮು, ಶಾಖ. ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿ ಮೂತ್ರಪಿಂಡ, ಹೊಟ್ಟೆ ಕೆಡಿಸಿಕೊಂಡವರನ್ನು ಕಂಡಿದ್ದೇನೆ. ಹೆಸರಿಲ್ಲದ ಪುಡಿಯ ಪೊಟ್ಟಣವಂತೂ ಬೇಡವೇ ಬೇಡ. ಅದರಲ್ಲಿ ಸ್ಟಿರಾಯ್ಡ್ ಬೆರೆತಿರಬಹುದು. ಇದೆಲ್ಲ ಮಾಡಿಯೂ ನಿದ್ದೆಗೆಡಿಸುವ ನೋವು ಉಳಿದರೆ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ಇದೆ.

‘ಅಂಜನಾದ್ರಿಯ 575 ಮೆಟ್ಟಿಲು ಹತ್ತಬಹುದೇ?’ ಎಂದು ಕೇಳುವವರಿದ್ದಾರೆ. ಕಾಯಿಲೆ ಶುರುವಿನಲ್ಲಿದ್ದು, ಕಾಲಿನ ಶಕ್ತಿ ಕೂಡಿಸಿಕೊಂಡಿದ್ದರೆ, ಅಲ್ಲಲ್ಲಿ ಕೂತು ಹತ್ತಿ. ಮೊಣಕಾಲಿಗೆ ಕಷ್ಟ ಇಳಿಯುವಾಗಲೇ ಹೆಚ್ಚು. ಹತ್ತುವಾಗ ನೋವಿಲ್ಲದ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.