ಮೊಟ್ಟೆ ಹಾಕದ್ದು ಮೊದಲು

ನಮ್ಮ ಮನೆಯ ಕ್ರಿಸ್ಮಸ್‌ಗೆ ಒಂದು ಕಟ್ಟುನಿಟ್ಟಿನ ನಿಯಮ ಉಂಟು. ಹೊಸ ಎಣ್ಣೆಯ ಬಾಣಲೆಗೆ ಮೊಟ್ಟೆ ಹಾಕಿದ ತಿಂಡಿ ಮೊದಲು ಬೀಳಬಾರದು. ಇದನ್ನು ಮಮ್ಮಿ ನಾನು ಕ್ಯಾಮೆರಾ ತೆಗೆದ ಕೂಡಲೇ ಹೇಳಿದರು. "ಬೇರೆ ಎಂತ ಬೇಕಾದರೂ ತೋರಿಸು, ಇದನ್ನು ಮಾತ್ರ ಬಿಡಬೇಡ" ಅಂತ. ಹಾಗಾಗಿ ಇದರಿಂದಲೇ ಶುರು.

ನಮಸ್ಕಾರ ಎಲ್ಲರಿಗೂ. ಇದು ಮಂಗಳೂರಿನ ಕುಲಶೇಖರ. ಡಿಸೆಂಬರ್ ಎರಡನೇ ವಾರ. ಮನೆಯಲ್ಲಿ ನಾವು ಮಾತಾಡುವುದು ಕೊಂಕಣಿ, ಗೇಟಿನ ಹೊರಗೆ ತುಳು, ನಿಮ್ಮ ಜೊತೆ ಕನ್ನಡ. ವಿಡಿಯೊದಲ್ಲಿ ಹಿಂದಿನಿಂದ ಯಾವ ಭಾಷೆ ಕೇಳಿದರೂ ಗಾಬರಿ ಆಗಬೇಡಿ. ಹೆಚ್ಚಿನದ್ದು ಎಣ್ಣೆ ಕಾದಿದೆಯಾ ಇಲ್ಲವಾ ಅನ್ನುವ ಚರ್ಚೆ ಅಷ್ಟೇ.

ಕ್ರಿಸ್ಮಸ್‌ಗೆ ನಾವು ಮಾಡುವ ತಿಂಡಿಗಳಿಗೆಲ್ಲ ಸೇರಿಸಿ ಕುಸ್ವಾರ್ ಅನ್ನುತ್ತೇವೆ. ಮಂಗಳೂರಿನವರಿಗೆ ಇದು ಗೊತ್ತಿರುವುದೇ. ಬೇರೆ ಊರಿನವರಿಗೆ ಹೇಳುವುದಾದರೆ, ನೆವ್ರಿ ಅಂದರೆ ನಿಮ್ಮ ಕರ್ಜಿಕಾಯಿ. ಕೊಕ್ಕಿಸಾಂ ಅಂದರೆ ಅಚ್ಚಿನಲ್ಲಿ ಮಾಡುವ ಹೂವಿನಂಥ ತಿಂಡಿ, ಬೇಕರಿಯಲ್ಲಿ ರೋಸ್ ಕುಕ್ಕೀಸ್ ಅಂತ ಸಿಗುತ್ತದಲ್ಲ, ಅದೇ. ಕಿಡಿಯೊ ಅಂದರೆ ಮೈಮೇಲೆ ಗೆರೆ ಇರುವ ಸಣ್ಣ ಸುರುಳಿ, ಗುಳಿಯೊ ಅಂದರೆ ಅಕ್ಕಿಹಿಟ್ಟಿನ ಗಟ್ಟಿ ಉಂಡೆ, ತುಕ್ಡಿ ಅಂದರೆ ಡೈಮಂಡ್ ಆಕಾರಕ್ಕೆ ಕತ್ತರಿಸಿ ಕರಿದದ್ದು. ಮತ್ತೆ ಚಕ್ಕುಲಿ, ಅಕ್ಕಿಯ ಲಾಡು. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಜಾಸ್ತಿ, ಒಂದೊಂದು ಕಮ್ಮಿ.

ಈಗ ಎಣ್ಣೆಯ ವಿಷಯ. ನಮ್ಮ ಬಲಗಡೆ ಭಟ್ರ ಮನೆ. ಅವರು ಮೊಟ್ಟೆ ಮುಟ್ಟುವುದಿಲ್ಲ. ಮೊಟ್ಟೆ ಹಾಕದ ತಿಂಡಿ ಕೊಟ್ಟರೆ ಸಾಕಾಗುವುದಿಲ್ಲ, ಅದನ್ನು ಕರಿದ ಎಣ್ಣೆಯಲ್ಲೂ ಮೊಟ್ಟೆಯದ್ದು ಬಿದ್ದಿರಬಾರದು. ಆದ್ದರಿಂದ ಹೊಸ ತೆಂಗಿನೆಣ್ಣೆಯಲ್ಲಿ ಮೊದಲ ದಿನ ಚಕ್ಕುಲಿ, ನೆವ್ರಿ, ಗುಳಿಯೊ, ತುಕ್ಡಿ. ಅವರ ಪಾಲು ಬೇರೆ ಡಬ್ಬಿಗೆ ಹೋಗಿ, ಮುಚ್ಚಳ ಬಿದ್ದು, ಅಟ್ಟ ಸೇರಿದ ಮೇಲೆಯೇ ಮೊಟ್ಟೆಯ ಟ್ರೇ ಅಡುಗೆಮನೆಗೆ ಬರುವುದು. ನಮ್ಮ ಅಜ್ಜಿಯ ಕಾಲದಿಂದಲೂ ಹೀಗೇ. ಭಟ್ರು ಒಮ್ಮೆಯೂ ಕೇಳಿದವರಲ್ಲ, ಅಜ್ಜಿ ಒಮ್ಮೆಯೂ ಅವರಿಗೆ ಹೇಳಿದವರೂ ಅಲ್ಲ.

ಹಿಂದಿನ ಮನೆ ಬ್ಯಾರಿಗಳದ್ದು, ಅಂದರೆ ನಮ್ಮ ಕರಾವಳಿಯ ಮುಸ್ಲಿಮರದ್ದು. ಅವರಿಗೆ ಮೊಟ್ಟೆ ಆಗಬಹುದು, ಆದರೆ ರಮ್‌ನಲ್ಲಿ ನೆನೆಸಿದ ಹಣ್ಣಿನ ಕೇಕ್ ಆಗುವುದಿಲ್ಲ. ಅವರ ತಟ್ಟೆಗೆ ಕಿಡಿಯೊ, ಕೊಕ್ಕಿಸಾಂ ಜಾಸ್ತಿ. ಎದುರು ಮನೆಯ ಅಂಕಲ್‌ಗೆ ಶುಗರ್. ಅವರಿಗೆ ಚಕ್ಕುಲಿ, ತುಕ್ಡಿ ಮಾತ್ರ. ಅವರು ತಟ್ಟೆ ತೆಗೆದು ನೋಡಿ, "ಎಂತ ಬಾಯಿ, ನೆವ್ರಿ ಮುಗಿಯಿತಾ?" ಅಂತ ಮಮ್ಮಿಯ ಹತ್ತಿರ ಬೇಕಂತಲೇ ಕೇಳುತ್ತಾರೆ. ಆಂಟಿ ಹಿಂದೆ ನಿಂತು ಕಣ್ಣು ಬಿಡುತ್ತಾರೆ. ಪ್ರತಿ ವರ್ಷ ಇದೇ ನಾಟಕ.

ಈಗ ಪರದೆಯಲ್ಲಿ ಕಾಣುತ್ತಿರುವುದು ನೆವ್ರಿಯ ಹೂರಣ. ಹುರಿದ ರವೆ, ಎಳ್ಳು, ಕೊಬ್ಬರಿ, ಗೋಡಂಬಿ, ಒಣದ್ರಾಕ್ಷಿ, ಸಕ್ಕರೆ, ಏಲಕ್ಕಿ. ಒಂದು ಮಾತು ನೆನಪಿಡಿ. ಕೊಬ್ಬರಿಯನ್ನು ಚೆನ್ನಾಗಿ ಹುರಿಯಬೇಕು, ಹಸಿ ಉಳಿದರೆ ನಾಲ್ಕು ದಿನಕ್ಕೆ ಕಮಟು ವಾಸನೆ. ನಮ್ಮೂರಿನ ಗಾಳಿಯಲ್ಲಿ ಡಿಸೆಂಬರ್‌ನಲ್ಲೂ ತೇವ ಇರುತ್ತದೆ. ಬಯಲುಸೀಮೆಯವರು ಬುಟ್ಟಿಯಲ್ಲಿ ಇಟ್ಟರೂ ನಡೆಯುತ್ತದೆ. ಇಲ್ಲಿ ಡಬ್ಬಿಯ ಮುಚ್ಚಳ ಸಡಿಲವಾದರೆ ಮರುದಿನ ಚಕ್ಕುಲಿ ಮೆತ್ತಗೆ.

ಕೊಕ್ಕಿಸಾಂ ನಾವು ಈಗ ಹೊರಗಿನಿಂದ ತರುತ್ತೇವೆ. ಹೌದು, ಕೊಂಡು ತರುತ್ತೇವೆ. ಕಂಕನಾಡಿ ಮಾರ್ಕೆಟ್‌ ಕಡೆ ಹೋದರೆ ಡಿಸೆಂಬರ್‌ನಲ್ಲಿ ಕುಸ್ವಾರ್ ಪ್ಯಾಕೆಟ್‌ಗಳದ್ದೇ ರಾಶಿ. ಕೊಕ್ಕಿಸಾಂ ಮಾಡುವುದು ಒಬ್ಬರ ಕೆಲಸ. ಅಚ್ಚನ್ನು ಎಣ್ಣೆಯಲ್ಲಿ ಕಾಯಿಸಬೇಕು, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು, ಅಚ್ಚಿನ ಮೇಲಕ್ಕೆ ಹಿಟ್ಟು ಹತ್ತಿತೋ, ತಿಂಡಿ ಬಿಡುವುದಿಲ್ಲ. ಒಬ್ಬರು ಬಾಣಲೆಯ ಎದುರು ಗಂಟೆಗಟ್ಟಲೆ ಬೆವರುತ್ತಾ ನಿಲ್ಲಬೇಕು, ಉಳಿದವರಿಗೆ ಅಲ್ಲಿ ಕೆಲಸವೇ ಇಲ್ಲ. ಹಾಗೆ ನಿಲ್ಲುವವರು ಯಾವಾಗಲೂ ಮಮ್ಮಿಯೇ. ಅವರ ಮಂಡಿ ನೋವು ಶುರುವಾದ ವರ್ಷ ಕೊಕ್ಕಿಸಾಂ ಅಂಗಡಿಗೆ ಹೋಯಿತು. ಕೆಲವರು ಇದಕ್ಕೆ ಬೇಸರ ಪಡುತ್ತಾರೆ, "ಎಲ್ಲ ಮನೆಯಲ್ಲೇ ಆಗಬೇಕು" ಅನ್ನುತ್ತಾರೆ. ಹಾಗೆ ಹೇಳುವವರು ಹೆಚ್ಚಾಗಿ ಬಾಣಲೆ ಎದುರು ನಿಲ್ಲದವರು.

ಕೇಕ್ ಕೂಡ ಹಾಗೇ. ಹಿಂದೆ ಮನೆಗಳಲ್ಲಿ ಓವನ್ ಎಲ್ಲಿತ್ತು? ಪಾತ್ರೆಯ ಕೆಳಗೆ ಕೆಂಡ, ಮುಚ್ಚಳದ ಮೇಲೆ ಕೆಂಡ ಇಟ್ಟು ಬೇಯಿಸುತ್ತಿದ್ದರು. ಕುಸ್ವಾರ್‌ನಲ್ಲಿ ಇಷ್ಟೊಂದು ಕರಿದ ತಿಂಡಿ ಇರುವುದಕ್ಕೂ ಸೌದೆ ಒಲೆಯೇ ಕಾರಣ ಅಂತ ನನ್ನ ಲೆಕ್ಕ. ಪ್ಲಮ್ ಕೇಕ್ ಹೆಚ್ಚಾಗಿ ಬೇಕರಿಯವರ ಕೈಯದ್ದೇ. ನಮ್ಮದೇ ಕರಾವಳಿಯಲ್ಲಿ ದಕ್ಷಿಣಕ್ಕೆ ಹೋದರೆ ತಲಶ್ಶೇರಿ ಸಿಗುತ್ತದಲ್ಲ, ಅಲ್ಲಿ ಮಾಂಬಳ್ಳಿ ಬಾಪು ಅನ್ನುವ ಬೇಕರಿಯವರು 1883ರಲ್ಲಿ ಮಾಡಿದ್ದೇ ಭಾರತದ ಮೊದಲ ಕ್ರಿಸ್ಮಸ್ ಕೇಕ್ ಅಂತ ಹೇಳುತ್ತಾರೆ. ಅದನ್ನು ಕೇಳಿದ ಮೇಲೆ ಬೇಕರಿಯಿಂದ ಕೇಕ್ ತರಲು ನನಗೆ ಇನ್ನೂ ಧೈರ್ಯ ಬಂದಿದೆ.

ಆದರೆ ಕಿಡಿಯೊ ಮಾತ್ರ ಮನೆಯಲ್ಲೇ. ಅದರಲ್ಲಿ ರಾಜಿ ಇಲ್ಲ.

ಇದು ನೋಡಿ, ಶನಿವಾರ ಸಂಜೆ. ಊಟದ ಟೇಬಲ್ ಮೇಲಿನ ಸಾಮಾನೆಲ್ಲ ಖಾಲಿ ಮಾಡಿ, ಹಳೆಯ ಪೇಪರ್ ಹಾಸಿದ್ದೇವೆ. ಮೈದಾ, ಮೊಟ್ಟೆ, ದಪ್ಪ ತೆಂಗಿನಹಾಲು, ಸಕ್ಕರೆ, ಚಿಟಿಕೆ ಉಪ್ಪು. ಹಿಟ್ಟು ನಾದುವುದು ಪಪ್ಪಾನ ಕೆಲಸ, ಅವರ ತೋಳಿಗೆ ವರ್ಷಕ್ಕೊಮ್ಮೆ ಸಿಗುವ ಗೌರವ. ಆಮೇಲೆ ನೆಲ್ಲಿಕಾಯಿಗಿಂತ ಚಿಕ್ಕ ಉಂಡೆ. ಅದನ್ನು ಫೋರ್ಕಿನ ಬೆನ್ನಿಗೆ ಒತ್ತಿ ಚಪ್ಪಟೆ ಮಾಡಿ, ತುದಿಯಿಂದ ಸುರುಳಿ ಸುತ್ತಬೇಕು. ಮೈಮೇಲೆ ಗೆರೆ ಬೀಳುತ್ತದೆ. ಫೋರ್ಕ್ ಸಾಲದಿದ್ದರೆ ಹೊಸ ಬಾಚಣಿಗೆ. ನಮ್ಮ ಮನೆಯಲ್ಲಿ ಕಿಡಿಯೊಗೆಂದೇ ಇಟ್ಟ ಬಾಚಣಿಗೆಗಳಿವೆ, ಅವು ತಲೆ ನೋಡಿದ್ದೇ ಇಲ್ಲ.

ಎರಡು ಕೆಜಿ ಮೈದಾಕ್ಕೆ ಎಷ್ಟು ಕಿಡಿಯೊ ಆಗುತ್ತದೆ ಅಂತ ಯಾರೂ ಎಣಿಸುವುದಿಲ್ಲ, ಎಣಿಸಿದರೆ ಕೂರಲಿಕ್ಕೇ ಮನಸ್ಸಾಗದು. ಒಬ್ಬರಿಂದ ಮುಗಿಯುವ ಕೆಲಸವೇ ಅಲ್ಲ ಅದು. ಅದಕ್ಕೇ ಮಾವ್ಶಿ, ಅಂದರೆ ಚಿಕ್ಕಮ್ಮ, ಬರುತ್ತಾರೆ, ಅವರ ಮಕ್ಕಳು ಬರುತ್ತಾರೆ, ಪಕ್ಕದ ಮನೆಯ ಹುಡುಗಿ ಟ್ಯೂಷನ್ ಮುಗಿಸಿ ಬ್ಯಾಗ್ ಸಮೇತ ಬಂದು ಕೂರುತ್ತಾಳೆ. ಅಂಗಡಿಯ ಕಿಡಿಯೊ ಕೆಟ್ಟದ್ದೇನಲ್ಲ. ಆದರೆ ಅದನ್ನು ತಂದರೆ ಇವರೆಲ್ಲ ಯಾವ ನೆಪಕ್ಕೆ ಬರುತ್ತಾರೆ? ಅಡ್ವೆಂತಿನಲ್ಲಿ, ಅಂದರೆ ಕ್ರಿಸ್ಮಸ್ಸಿಗೆ ಮೊದಲಿನ ನಾಲ್ಕು ವಾರ, ನಮ್ಮಲ್ಲಿ ಮದುವೆ ಇಡುವುದಿಲ್ಲ, ಹಾಗಾಗಿ ಶನಿವಾರ ಎಲ್ಲರಿಗೂ ಬಿಡುವು. ಕ್ರಿಸ್ಮಸ್ ಮುಗಿಯಿತೋ, ಗಲ್ಫಿನವರೆಲ್ಲ ರಜೆಯಲ್ಲಿ ಬಂದಿರುತ್ತಾರೆ, ದಿನಕ್ಕೆ ಎರಡೆರಡು ಮದುವೆ ಹಾಲ್. ಆಗ ಒಬ್ಬರ ಮುಖ ಒಬ್ಬರಿಗೆ ಕಾಣುವುದು ಊಟದ ಕ್ಯೂನಲ್ಲಿ ಮಾತ್ರ.

ಟೇಬಲ್ ಸುತ್ತ ಎಂಥ ಮಾತು ಅಂತ ಕೇಳಬೇಡಿ. ಆ ಆಡಿಯೊ ಪೂರ್ತಿ ತೆಗೆದಿದ್ದೇನೆ. ಯಾರ ಮನೆ ಮಾರಾಟಕ್ಕುಂಟು, ಯಾರ ಮಗ ಕೆನಡಾಕ್ಕೆ ಹೋದ, ಚರ್ಚಿನ ಲೆಕ್ಕದಲ್ಲಿ ಯಾರು ಜೋರು ಮಾತಾಡಿದರು. ಅದನ್ನು ಹಾಕಿದರೆ ನಾನು ಹಬ್ಬಕ್ಕೆ ಊರಲ್ಲಿ ಇರಲಿಕ್ಕಿಲ್ಲ ಮಾರಾಯ್ರೆ.

ಸರಿ, ಗೋದಲಿಗೆ ಬರೋಣ. ಗೋದಲಿ ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ. ಜಗಲಿಯ ಮೂಲೆಯಲ್ಲಿ ಕಟ್ಟುತ್ತೇವೆ. ಇದು ಪೂರ್ತಿ ಪಪ್ಪಾನ ಇಲಾಖೆ. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಇರುವಾಗ ತೆಂಗಿನ ಗೆರಟೆಯಲ್ಲಿ, ಹಳೆಯ ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ, ಭತ್ತ ಬಿತ್ತುತ್ತಾರೆ. ಇಪ್ಪತ್ತನಾಲ್ಕಕ್ಕೆ ಸರಿಯಾಗಿ ಅದು ಹಸಿರು ಗದ್ದೆ ಆಗಿರಬೇಕು. ಬೇಗ ಬಿತ್ತಿದರೆ ಹಳದಿಯಾಗಿ ಅಡ್ಡ ಬೀಳುತ್ತದೆ. ತಡವಾದರೆ ಮೊಳಕೆ ಮಾತ್ರ. ಪಾಚಿ ತರುವುದು ನನ್ನ ಕೆಲಸ. ಮಳೆಗಾಲದಲ್ಲಿ ಕಾಂಪೌಂಡಿನ ಕೆಂಪುಕಲ್ಲಿನ ಮೇಲೆಲ್ಲ ಪಾಚಿಯೇ. ಡಿಸೆಂಬರ್‌ಗೆ ಅದೆಲ್ಲ ಒಣಗಿ ಹುಡಿ. ಬಾವಿಕಟ್ಟೆಯ ನೆರಳಿನ ಬದಿಯಲ್ಲಿ ಮಾತ್ರ ಸ್ವಲ್ಪ ಹಸಿ ಉಳಿದಿರುತ್ತದೆ, ಚಾಕುವಿನಲ್ಲಿ ಎಬ್ಬಿಸಿ ತರಬೇಕು.

ನಮ್ಮ ಗೋದಲಿಯಲ್ಲಿ ಹೆಂಚಿನ ಮಾಡು, ಅಡಿಕೆ ಮರ, ಒಂದು ಬಾವಿ. ಮತ್ತೆ, ಜೂಮ್ ಮಾಡುತ್ತೇನೆ ನೋಡಿ, ಒಂದು ಜೊತೆ ಕಂಬಳದ ಕೋಣ. ನೊಗ ಸಮೇತ. ಪಪ್ಪಾ ಯಾವುದೋ ಅಂಗಡಿಯಲ್ಲಿ ನೋಡಿ ಮನಸೋತು ತಂದದ್ದು. ಬೆತ್ಲೆಹೇಮಿನಲ್ಲಿ ಕಂಬಳ ಎಲ್ಲಿತ್ತು ಅಂತ ಮಮ್ಮಿಯ ಪ್ರಶ್ನೆ. ಪಪ್ಪಾನ ಉತ್ತರ ಯಾವಾಗಲೂ ರೆಡಿ: 1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೊ ಅನ್ನುವ ಊರಿನಲ್ಲಿ ಗೋದಲಿ ಮಾಡಿದಾಗ ಹುಲ್ಲು, ಎತ್ತು, ಕತ್ತೆ ಎಲ್ಲ ತಂದದ್ದು ಅಲ್ಲಿಂದಲೇ, ಬೆತ್ಲೆಹೇಮಿನಿಂದ ತರಿಸಿದ್ದಲ್ಲ. ಅವರಿಗೆ ಅಲ್ಲಿಯ ಎತ್ತು ಆಗಬಹುದಾದರೆ ನಮಗೆ ಇಲ್ಲಿಯ ಕೋಣ ಯಾಕಾಗಬಾರದು? ಈ ವಾದಕ್ಕೆ ಮಮ್ಮಿಯ ಹತ್ತಿರ ಉತ್ತರ ಇಲ್ಲ. ಕೋಣಗಳನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಇಡುತ್ತಾರೆ, ಪಪ್ಪಾ ಬೆಳಿಗ್ಗೆ ಎದ್ದು ಮುಂದಕ್ಕೆ ತರುತ್ತಾರೆ. ಬಾಲ ಯೇಸುವನ್ನು ನೋಡಲು ಬಂದ ಮೂವರು ರಾಯರ ಬೊಂಬೆಗಳು ಮಾತ್ರ ಈಗ ಟಿವಿ ಸ್ಟ್ಯಾಂಡ್ ಹತ್ತಿರ. ದಿನಾ ಸ್ವಲ್ಪ ಸ್ವಲ್ಪ ಸರಿಸುತ್ತಾ ಅವರ ಹಬ್ಬದ ದಿನ, ಜನವರಿ 6ಕ್ಕೆ, ಕೊಟ್ಟಿಗೆ ಮುಟ್ಟಿಸಬೇಕು.

ನಕ್ಷತ್ರ ಬಿದಿರು ಕಡ್ಡಿ, ಬಣ್ಣದ ಕಾಗದದ್ದು. ವಾಡೊದಲ್ಲಿ, ಅಂದರೆ ನಮ್ಮ ಚರ್ಚಿನ ವಾರ್ಡಿನಲ್ಲಿ, ಸ್ಪರ್ಧೆ ಉಂಟು, ವಾಡೊದ ಮುಖಂಡ ಗುರ್ಕಾರ್ ಮನೆಮನೆಗೆ ಬಂದು ಹೆಸರು ಬರೆಸಿಕೊಂಡು ಹೋಗಿದ್ದಾರೆ. ಕ್ರಿಸ್ಮಸ್ ಟ್ರೀ ಅಂದರೆ ನಮಗೆ ಗಾಳಿಮರದ, ಅಂದರೆ ಸರ್ವೆಮರದ ಕೊಂಬೆ. ಸಮುದ್ರದ ಬದಿಯ ಊರಿಗೆ ಅದೇ ಚೆಂದ, ಪ್ಲಾಸ್ಟಿಕ್‌ನದ್ದು ನನಗೆ ಇಷ್ಟ ಇಲ್ಲ.

ಇಪ್ಪತ್ತನಾಲ್ಕರ ಬಲಿಪೂಜೆ. ನಾನು ಸಣ್ಣವನಿದ್ದಾಗ ಅದು ನಡುರಾತ್ರಿ ಇರುತ್ತಿತ್ತು, ಅರ್ಧ ಪೂಜೆ ಪಪ್ಪಾನ ಹೆಗಲ ಮೇಲೆ ನಿದ್ದೆ. ಈಗ ನಮ್ಮಲ್ಲಿ ಸಂಜೆಯೇ ಶುರು. ಪ್ರಾಯ ಆದವರಿಗೆ ಅನುಕೂಲ, ನಿಜ. ಚರ್ಚಿನ ಒಳಗೆ ನಾನು ಶೂಟ್ ಮಾಡುವುದಿಲ್ಲ, ಹಾಗಾಗಿ ಇದು ಹೊರಗಿನ ಗ್ರೌಂಡ್. ಪೂಜೆ ಮುಗಿದ ಮೇಲೆ ಬಿಸಿ ಕಾಫಿ, ಕೇಕ್, ಮಕ್ಕಳ ಡ್ಯಾನ್ಸ್. ಸಾಂತಾ ಕ್ಲಾಸ್ ಆದವನು ನನ್ನ ಕ್ಲಾಸ್‌ಮೇಟ್, ಆ ಉಡುಪಿನೊಳಗೆ ಮಂಗಳೂರಿನ ಸೆಕೆಯಲ್ಲಿ ಅವನ ಅವಸ್ಥೆ ಬೇಡ. ಮನೆಗೆ ಬಂದು ಕೊಟ್ಟಿಗೆಯಲ್ಲಿ ಬಾಲ ಯೇಸುವನ್ನು ಇಡುವುದು. ಅಷ್ಟರವರೆಗೆ ಆ ಜಾಗ ಖಾಲಿ. ಮನೆಯಲ್ಲಿ ಎಲ್ಲರಿಗಿಂತ ಸಣ್ಣವರು ಇಡಬೇಕು. ಈ ಸಲ ಮಾವ್ಶಿಯ ಮಗಳು ಇಟ್ಟಳು, ಕಂಬಳದ ಕೋಣದ ಪಕ್ಕದಲ್ಲೇ. ಪಪ್ಪಾ ಮಮ್ಮಿಯ ಕಡೆ ನೋಡಿ ನಕ್ಕದ್ದು ಕ್ಯಾಮೆರಾದಲ್ಲಿ ಸಿಕ್ಕಿದೆ.

ಇಪ್ಪತ್ತೈದರ ಊಟ. ಸನ್ನಾಂ, ಅಂದರೆ ಇಡ್ಲಿಯಂಥ ಮೆತ್ತನೆಯ ತಿಂಡಿ, ಮತ್ತು ಹಂದಿಯ ಬಾಫಾತ್, ಅಂದರೆ ಮಸಾಲೆ ಹಾಕಿದ ಮಾಂಸದ ಸಾರು. ಸನ್ನಾಂ ಉಬ್ಬಲಿಕ್ಕೆ ಹಿಂದೆ ಶೇಂದಿ ಹಾಕುತ್ತಿದ್ದರು. ಪೇಟೆಯಲ್ಲಿ ಒಳ್ಳೆಯ ಶೇಂದಿ ಸಿಗುವುದು ಕಷ್ಟ, ನಮ್ಮಲ್ಲಿ ಈಗ ಯೀಸ್ಟ್. ರುಚಿಯಲ್ಲಿ ವ್ಯತ್ಯಾಸ ಉಂಟು, ಇಲ್ಲ ಅಂದರೆ ಸುಳ್ಳಾಗುತ್ತದೆ. ಬಾಫಾತ್ ಪುಡಿ ಮಾತ್ರ ಅಂಗಡಿಯದ್ದಲ್ಲ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಒಳ್ಳೆಮೆಣಸು (ಕಾಳುಮೆಣಸು), ಅರಸಿನ, ಎಲ್ಲವನ್ನೂ ಏಪ್ರಿಲ್ ಮೇ ಬಿಸಿಲಲ್ಲಿ ಒಣಗಿಸಿ ಪುಡಿ ಮಾಡಿಸಿ ಇಟ್ಟದ್ದು. ಮಾಂಸವನ್ನು ಇಪ್ಪತ್ತನಾಲ್ಕಕ್ಕೇ ಬೇಯಿಸಿ ಇಡುತ್ತೇವೆ. ಒಂದು ರಾತ್ರಿ ಕೂತರೆ ವಿನೆಗರ್, ಮಸಾಲೆ ಎಲ್ಲ ಕೊಬ್ಬಿನವರೆಗೆ ಇಳಿಯುತ್ತದೆ. ಮಾಡಿದ ದಿನವೇ ತಿನ್ನುವವರು ಅರ್ಧ ರುಚಿ ಬಿಟ್ಟ ಹಾಗೆ.

ಊಟಕ್ಕೆ ಮೊದಲು ತಟ್ಟೆಗಳ ಸವಾರಿ. ಇದು ನಾನು ಮತ್ತು ತಂಗಿ, ಕ್ರೋಶಾ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು. ಭಟ್ರ ಮನೆಯಲ್ಲಿ ಅಮ್ಮ ತಟ್ಟೆಯನ್ನು ಒಳಗೆ ಒಯ್ದು, ಖಾಲಿ ಮಾಡಿ, ತೊಳೆದು, ಒಂದು ಹಿಡಿ ಸಕ್ಕರೆ ಹಾಕಿ ವಾಪಸ್ ಕೊಟ್ಟರು. ಚೌತಿಗೆ ಅವರ ಪಂಚಕಜ್ಜಾಯದ ತಟ್ಟೆಯಲ್ಲಿ ನಾವೂ ಹಾಗೇ ಮಾಡುತ್ತೇವೆ.

ಕೊನೆಗೆ ಉಳಿದದ್ದು ತಂಗಿಯ ಪ್ಯಾಕಿಂಗ್. ಅವಳು ಇರುವುದು ದುಬೈಯಲ್ಲಿ, ರಜೆ ಮುಗಿಯಿತು. ಬಟ್ಟೆ ಎಲ್ಲ ಹೊರಗೆ, ಸೂಟ್‌ಕೇಸಿನ ತುಂಬ ಕುಸ್ವಾರ್. ಮಮ್ಮಿಯ ಕ್ರಮ ಹೀಗೆ. ಅಡಿಯಲ್ಲಿ ಬಾಫಾತ್ ಪುಡಿ, ಮೂರು ಪ್ಲಾಸ್ಟಿಕ್ ಒಳಗೆ. ಅದರ ಮೇಲೆ ಕಿಡಿಯೊ, ಅದಕ್ಕೆ ಏನೂ ಆಗುವುದಿಲ್ಲ, ಮೇಲಿನಿಂದ ಬಿದ್ದರೂ ಆಗುವುದಿಲ್ಲ. ನೆವ್ರಿ ಒಂದೊಂದಾಗಿ ಟಿಶ್ಯೂನಲ್ಲಿ ಸುತ್ತಿ ಡಬ್ಬಿಗೆ. ಚಕ್ಕುಲಿ ಹೇಗೂ ಮುರಿಯುತ್ತದೆ, ಮುರಿದರೂ ತಿನ್ನುತ್ತಾರೆ. ಕೊಕ್ಕಿಸಾಂ ಮಾತ್ರ ಸೂಟ್‌ಕೇಸಿನಲ್ಲಿ ಹೋದರೆ ರವೆ. ಅದನ್ನು ಬಿಸ್ಕತ್ತಿನ ಟಿನ್ನಿಗೆ ಹಾಕಿ, ಕೈಚೀಲದಲ್ಲಿಟ್ಟು, ವಿಮಾನದಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಹೋಗಬೇಕು ಅಂತ ಅಪ್ಪಣೆ. ಅಂಗಡಿಯಿಂದ ತಂದ ಕೊಕ್ಕಿಸಾಂಗೆ ಇಷ್ಟೊಂದು ಉಪಚಾರವಾ ಅಂತ ತಂಗಿ ಕೇಳಿದಳು. ಕೇಳಿಕೊಂಡೇ ಟಿನ್ ಹಿಡಿದು ಕಾರು ಹತ್ತಿದಳು.