ಮೊದಲು ಕುತ್ತಿಗೆ, ಟೈರ್ ಆಮೇಲೆ

ನಮಸ್ಕಾರ. ಇವತ್ತು ಸೀಟ್ ಬಗ್ಗೆ ಮಾತಾಡ್ತೀನಿ ಅಂತ ಹೇಳಿದ್ದೆ. ಅದು ಮುಂದಿನ ವಾರಕ್ಕೆ ಹೋಯ್ತು. ಯಾಕಂದ್ರೆ ಹೋದ ವಿಡಿಯೋ ಕೆಳಗೆ ಬಂದ ಒಂದು ಕಾಮೆಂಟ್ ಎರಡು ದಿನದಿಂದ ನನ್ನ ತಲೇಲಿ ಕೊರೀತಾ ಇದೆ. ಓದ್ತೀನಿ, ಕೇಳಿ: "ಅಣ್ಣಾ, ನಮ್ಮದು ಹವ್ಯಾಸಿ ಸ್ಟಾಕ್ ಕಾರ್ ರೇಸು. ಪುಟ್ಟ ಓವಲ್ಲು. ಕುತ್ತಿಗೆಗೆ ಹಾನ್ಸ್ ಎಲ್ಲಾ ದೊಡ್ಡೋರಿಗೆ. ಆ ದುಡ್ಡಲ್ಲಿ ನಾನು ಟೈರ್ ತಗೊಳ್ತೀನಿ."

ಹೊಸಬರಿಗೆ ಒಂದು ಮಾತು: ಸ್ಟಾಕ್ ಕಾರ್ ಅಂದ್ರೆ ಮಾಮೂಲಿ ಕಾರಿನ ರೂಪದ ರೇಸ್ ಗಾಡಿ, ಓವಲ್ ಅಂದ್ರೆ ಮೊಟ್ಟೆಯಾಕಾರದ ಟ್ರ್ಯಾಕು, ಹಾನ್ಸ್ ಅಂದ್ರೆ ಡಿಕ್ಕಿ ಆದಾಗ ತಲೆ ಮುಂದಕ್ಕೆ ಎಗರದ ಹಾಗೆ ಹಿಡಿಯೋ ಸಾಧನ.

ಬೇಡಪ್ಪಾ. ಮೊದಲು ಕುತ್ತಿಗೆ. ಟೈರ್ ಆಮೇಲೆ.

"ಪುಟ್ಟ ಟ್ರ್ಯಾಕು, ಕಮ್ಮಿ ಸ್ಪೀಡು" ಅಂತೀರಲ್ಲ, ಅದಕ್ಕೇ ಮೊದಲು ಬರೋಣ. 2001ರ ಫೆಬ್ರವರಿ 18, ಅಮೆರಿಕದ ಡೇಟೋನಾ 500 ರೇಸು, ಕೊನೇ ಲ್ಯಾಪ್. ಏಳು ಸಲ ಚಾಂಪಿಯನ್ ಆದ ಡೇಲ್ ಅರ್ನ್‌ಹಾರ್ಟ್ ಗೋಡೆಗೆ ಹೊಡೆದು ತೀರಿಕೊಂಡರು. ತಲೆಬುರುಡೆಯ ತಳ ಒಡೆದಿತ್ತು. ಗಾಡಿ ಹೋಗ್ತಾ ಇದ್ದದ್ದು ಗಂಟೆಗೆ 250 ಕಿ.ಮೀ. ದಾಟಿ, ನಿಜ. ಆದರೆ ಅದು ಗೋಡೆಗೆ ಓರೆಯಾಗಿ ಬಡೀತು. ಆಗಸ್ಟ್‌ನಲ್ಲಿ ನಾಸ್ಕಾರ್, ಅಂದ್ರೆ ಅಲ್ಲಿ ಸ್ಟಾಕ್ ಕಾರ್ ರೇಸ್ ನಡೆಸೋ ಸಂಸ್ಥೆ, ಕೊಟ್ಟ ತನಿಖಾ ವರದಿಯಲ್ಲಿ, ಆ ಹೊಡೆತಕ್ಕೆ ಗಾಡಿಯ ವೇಗ ಎಷ್ಟು ಬದಲಾಯ್ತು ಅಂತ ಲೆಕ್ಕ ಹಾಕಿದಾರೆ. ಸುಮಾರು 70 ಕಿ.ಮೀ. ಅಷ್ಟೇ! ಕುತ್ತಿಗೆಗೆ ಲೆಕ್ಕ ಆಗೋದು ಮೀಟರ್ ತೋರಿಸೋ ಸ್ಪೀಡಲ್ಲ, ಕಣ್ಣು ಮಿಟುಕಿಸೋದರೊಳಗೆ ನೀವು ಕಳ್ಕೊಳ್ಳೋ ಸ್ಪೀಡು. 70 ಕಿ.ಮೀ. ಕಳ್ಕೊಳ್ಳೋಕೆ ನಿಮ್ಮ ಪುಟ್ಟ ಓವಲ್ ಧಾರಾಳವಾಗಿ ಸಾಕು.

ಅಲ್ಲಿ ಏನಾಗುತ್ತೆ ಅಂತ ನಿಧಾನವಾಗಿ ನೋಡಿ. ಬೆಲ್ಟ್ ನಿಮ್ಮ ಭುಜ ಹಿಡಿದಿದೆ, ಸೊಂಟ ಹಿಡಿದಿದೆ. ತಲೆಯನ್ನ ಯಾರು ಹಿಡಿದಿದಾರೆ? ಯಾರೂ ಇಲ್ಲ. ತಲೆ, ಹೆಲ್ಮೆಟ್ ಸೇರಿ 6 ಕಿಲೋ ಅಂತ ಇಟ್ಕೊಳ್ಳಿ. 70 ಕಿ.ಮೀ.ನಲ್ಲಿರೋ ಗಾಡಿ ಅರ್ಧ ಮೀಟರ್‌ನೊಳಗೆ ನಿಂತ್ರೆ, ಆ 6 ಕಿಲೋ ಅಷ್ಟು ಹೊತ್ತಿಗೆ 230 ಕಿಲೋ ಭಾರ ಆಗಿ ಮುಂದಕ್ಕೆ ಎಳೆಯುತ್ತೆ. ಮೈ ನಿಂತಿದೆ, ತಲೆ ಹೋಗ್ತಾ ಇದೆ. ಮಧ್ಯದಲ್ಲಿ ಇರೋದು ನಿಮ್ಮ ಕುತ್ತಿಗೆ ಒಂದೇ. ಹೆಲ್ಮೆಟ್ ಭಾರವಾಗಿದ್ದಷ್ಟೂ ಎಳೆತ ಜಾಸ್ತಿ, ಅದನ್ನ ಕುತ್ತಿಗೆಯೇ ತಡ್ಕೋಬೇಕು. ಅದಕ್ಕೇ ಹೇಳೋದು, ಮೊದಲು ಕುತ್ತಿಗೆ.

ಹಾನ್ಸ್ ಮಾಡೋದು ಬಹಳ ಸರಳ ಕೆಲಸ. ಹೆಗಲ ಮೇಲೆ ಕೂರೋ ಗಟ್ಟಿ ಪಟ್ಟಿ, ಅದರ ಎರಡು ಕಾಲು ಎದೆ ಮೇಲೆ ಇಳಿದಿರುತ್ತೆ, ಭುಜದ ಬೆಲ್ಟ್ ಆ ಕಾಲುಗಳ ಮೇಲೆ ಹಾದು ಹೋಗುತ್ತೆ. ಅಲ್ಲಿಂದ ಎರಡು ಪಟ್ಟಿ ಬಂದು ಹೆಲ್ಮೆಟ್‌ನ ಎರಡೂ ಪಕ್ಕದ ಗುಂಡಿಗೆ ಸಿಕ್ಕಿಕೊಳ್ಳುತ್ತೆ. ಟಿಕ್, ಟಿಕ್. ಈಗ ಬೆಲ್ಟ್ ತಲೆಯನ್ನೂ ಹಿಡಿದಂಗಾಯ್ತು. ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ರಾಬರ್ಟ್ ಹಬ್ಬರ್ಡ್ ಇದನ್ನ ಮಾಡಿದ್ದು 1980ರ ದಶಕದಲ್ಲಿ, ರೇಸ್ ಓಡಿಸ್ತಿದ್ದ ಜಿಮ್ ಡೌನಿಂಗ್ ಜೊತೆ. ಇಬ್ಬರೂ ನೆಂಟರು. ಅಂದ್ರೆ ಅರ್ನ್‌ಹಾರ್ಟ್ ಸಾಯೋ ಹೊತ್ತಿಗೆ ಈ ವಸ್ತು ಇತ್ತು! 2000ದಲ್ಲಿ ನ್ಯೂ ಹ್ಯಾಂಪ್‌ಶೈರ್ ಟ್ರ್ಯಾಕಲ್ಲಿ ನಾಸ್ಕಾರ್ ಓಡಿಸ್ತಿದ್ದ ಆಡಂ ಪೆಟ್ಟಿ ತೀರಿಕೊಂಡಾಗ ಇತ್ತು. ಹುಡುಗನಿಗೆ ಆಗ 19 ವರ್ಷ. ಎರಡು ತಿಂಗಳೊಳಗೆ ಅದೇ ಟ್ರ್ಯಾಕಲ್ಲಿ ಇನ್ನೊಬ್ಬ ಡ್ರೈವರ್ ಕೆನ್ನಿ ಅರ್ವಿನ್ ಹೋದಾಗಲೂ ಇತ್ತು. ನಾಸ್ಕಾರ್ ಕಡ್ಡಾಯ ಮಾಡಿದ್ದು 2001ರ ಅಕ್ಟೋಬರ್‌ನಲ್ಲಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು. ನಿಮ್ಮ ಕೋಟೆ ಇನ್ನೂ ಇದೆ, ಈಗಲೇ ಹಾಕಿ.

ಮೊನ್ನೆ ಒಬ್ಬ ಗೆಳೆಯ ಹೊಸದಾಗಿ ತಗೊಂಡಿದ್ದೆಲ್ಲಾ ಮೇಜಿನ ಮೇಲೆ ಹರಡಿ ತೋರಿಸಿದ. ಕೆಂಪು ಸೂಟು, ಬೆನ್ನ ಮೇಲೆ ಹೆಸರು ಹೊಲಿಸಿದಾನೆ. ಕುತ್ತಿಗೆಗೆ? ಒಂದು ಸ್ಪಂಜಿನ ಸುರುಳಿ. "ಇದಕ್ಕೂ ಎಸ್‌ಎಫ್‌ಐ ಲೇಬಲ್ ಇದೆಯಲ್ಲ" ಅಂದ. ಎಸ್‌ಎಫ್‌ಐ ಅಂದ್ರೆ ರೇಸ್ ಸಾಮಾನಿಗೆ ಸುರಕ್ಷತೆಯ ಮಟ್ಟ ಗೊತ್ತು ಮಾಡೋ ಸಂಸ್ಥೆ. ಮಡಿಚಿ ಲೇಬಲ್ ನೋಡಿದೆ. 3.3 ಅಂತಿತ್ತು. ದಯವಿಟ್ಟು ಇದನ್ನ ಬರೆದಿಟ್ಕೊಳ್ಳಿ: 3.3 ಅಂದ್ರೆ ಬೆಂಕಿಗೆ ಸಂಬಂಧಪಟ್ಟ ಲೇಬಲ್ಲು. ತಲೆ ಮುಂದಕ್ಕೆ ಹೋಗೋದನ್ನ ತಡೆಯುತ್ತೆ ಅಂತಲ್ಲ. ಕುತ್ತಿಗೆ ಕಾಯೋದಕ್ಕೆ ಬೇಕಾಗಿದ್ದು ಎಸ್‌ಎಫ್‌ಐ 38.1. ಸ್ಪಂಜು ಹೆಲ್ಮೆಟ್ ಭಾರಕ್ಕೆ ಆಸರೆ ಕೊಡುತ್ತೆ, ಅಷ್ಟೇ. 230 ಕಿಲೋ ಎಳೆತಕ್ಕೆ ಸ್ಪಂಜಾ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅವನ ಆ ಹೆಸರು ಹೊಲಿಸಿದ ಸೂಟು ನೋಡಿ ನನಗೆ ಅದೇ ನೆನಪಾಯ್ತು. ಅವನಿಗೆ ಮುಖದ ಮೇಲೇ ಹೇಳಿದೆ.

ಸೂಟು ಬೇಡ ಅಂತಿಲ್ಲ. ಎಸ್‌ಎಫ್‌ಐ 3.2ಎ/1 ಲೇಬಲ್ಲಿನ ಸೂಟು ಬೆಂಕಿಯಲ್ಲಿ ಮೈ ಸುಡೋ ಮುಂಚೆ ಸುಮಾರು 3 ಸೆಕೆಂಡ್ ಕೊಡುತ್ತೆ, 3.2ಎ/5 ಸುಮಾರು 10 ಸೆಕೆಂಡ್. 5ರದ್ದೇ ತಗೊಳ್ಳಿ. ಆದರೆ ಆ 10 ಸೆಕೆಂಡಲ್ಲಿ ಬೆಲ್ಟ್ ಬಿಚ್ಚಿ ಹೊರಗೆ ಬರಬೇಕಾದವರು ನೀವು. ಕುತ್ತಿಗೆ ನೆಟ್ಟಗಿಲ್ಲದೆ ಹೇಗೆ ಬರ್ತೀರಿ? ಎಸ್‌ಎಫ್‌ಐ ಲೇಬಲ್ಲಿನ ಬೆಲ್ಟ್‌ಗೆ ತಯಾರಾದ ದಿನದಿಂದ 2 ವರ್ಷ ಆಯಸ್ಸು, ಅದನ್ನೂ ನೋಡ್ಕೊಳ್ಳಿ. ಹೆಲ್ಮೆಟ್ ಮೇಲೆ ಸ್ನೆಲ್ ಅನ್ನೋ ಹೆಲ್ಮೆಟ್ ಪರೀಕ್ಷಾ ಸಂಸ್ಥೆಯ ಎಸ್‌ಎ ಗುರುತು ಇರಲಿ. ಎಂ ಅಂತ ಇದ್ರೆ ಅದು ಬೈಕಿಂದು, ಬೆಂಕಿ ಪರೀಕ್ಷೆ ಆಗಿರಲ್ಲ, ರೋಲ್ ಬಾರಿಗೆ, ಅಂದ್ರೆ ಗಾಡಿಯೊಳಗಿನ ಉಕ್ಕಿನ ಕಂಬಿಗೆ, ತಲೆ ಬಡಿಯೋದರ ಪರೀಕ್ಷೆಯೂ ಆಗಿರಲ್ಲ. ಎಸ್‌ಎ2015ರಿಂದ ಈಚೆಗೆ ಬಂದ ಹೆಲ್ಮೆಟ್‌ನಲ್ಲಿ ಹಾನ್ಸ್ ಗುಂಡಿಗೆ ತೂತು ಕಂಪನಿಯೇ ಮಾಡಿ ಕೊಡುತ್ತೆ. ಮನೇಲಿ ಡ್ರಿಲ್ ತಗೊಂಡು ನೀವೇ ಕೊರೆಯೋಕೆ ಹೋಗಬೇಡಿ.

"ತಲೆ ತಿರುಗಿಸೋಕಾಗಲ್ಲ" ಅಂತಾರೆ. ಆಗುತ್ತೆ ಸ್ವಾಮಿ! ಪಟ್ಟಿ ಇರೋದು ಮುಂದಕ್ಕೆ ಹೋಗೋದನ್ನ ತಡೆಯೋಕೆ. ಎರಡು ಸಲ ಹಾಕ್ಕೊಂಡು ಓಡಿಸಿ, ಮೂರನೇ ಸಲ ಮರೆತುಬಿಡ್ತೀರಿ. "ಬೆಂಕಿ ಹತ್ತಿದ್ರೆ ಇಳಿಯೋಕೆ ತಡ ಆಗುತ್ತೆ" ಅಂತಾರೆ. ಬೆಲ್ಟ್ ಬಿಚ್ಚಿದ್ರೆ ಹಾನ್ಸ್ ನಿಮ್ಮ ಜೊತೆಗೇ ಹೊರಗೆ ಬರುತ್ತೆ. ಸುಮ್ಮನೆ ಕೂತು ಅಭ್ಯಾಸ ಮಾಡಿ, ಗಡಿಯಾರ ಇಟ್ಕೊಂಡು. "ಹಳಬರು ಇದಿಲ್ಲದೆ ಓಡಿಸಲಿಲ್ವಾ" ಅಂತಾರೆ. ಓಡಿಸಿದರು. ಈಗಷ್ಟೇ ಮೂರು ಹೆಸರು ಹೇಳಿದೆನಲ್ಲ.

ದುಡ್ಡಿಲ್ಲ ಅಂತ ಮಾತ್ರ ನನ್ನ ಹತ್ರ ಬರಬೇಡಿ. ಇಂಜಿನ್‌ಗೆ ಇದೆ, ಸ್ಟಿಕ್ಕರ್‌ಗೆ ಇದೆ, ಬಣ್ಣಕ್ಕೆ ಇದೆ. ಕುತ್ತಿಗೆಗೆ ಬಂದಾಗ ಇಲ್ವಾ? ಒಂದು ಸೀಸನ್ ಹಳೇ ಟೈರಲ್ಲಿ ಓಡಿಸಿ. ರೇಸಲ್ಲಿ ಕೊನೇಲಿ ಬನ್ನಿ. ಏನಾಗುತ್ತೆ? ಕುತ್ತಿಗೆ ಮೊದಲು, ಕುತ್ತಿಗೆ ಮೊದಲು, ನಾನು ಇನ್ನೂ 100 ವಿಡಿಯೋ ಮಾಡಿ ಇದನ್ನೇ ಹೇಳ್ತೀನಿ. ಸಬ್‌ಸ್ಕ್ರೈಬ್ ಮಾಡದಿರೋರು ಮಾಡ್ಕೊಳ್ಳಿ, ಗಾಡಿ ಓಡಿಸೋ ನಿಮ್ಮ ಗೆಳೆಯರಿಗೆ ಕಳಿಸಿ. ಮುಂದಿನ ವಾರ ಸೀಟು, ಖಂಡಿತ.

ಆ ಕಾಮೆಂಟ್ ಹಾಕಿದ ತಮ್ಮಾ, ನಿನಗೆ ಒಂದು ಕೆಲಸ. ಈಗ ಎದ್ದು ಹೋಗಿ ನಿನ್ನ ಹೆಲ್ಮೆಟ್ ತಿರುಗಿಸಿ ನೋಡು. ಎರಡು ಪಕ್ಕದಲ್ಲಿ ಗುಂಡಿ ಇದೆಯಾ? ಫೋಟೋ ತೆಗೆದು ಕೆಳಗೆ ಹಾಕು. ನಾನು ಕಾಯ್ತಾ ಇರ್ತೀನಿ.